ಫುಮಿಯೆ ತುಂಬಿದ ಹೂಗಳು

ಫುಮಿಯೆಗೆ ನಲವತ್ತೊಂದು ದಾಟಿತ್ತು. ಅದರಲ್ಲಿ ಹತ್ತೊಂಬತ್ತು ವರ್ಷ ಬೇರೆಯವರ ಮಾಂಗಾ ಚಿತ್ರಕಥೆಗಳ ಪುಟಗಳಲ್ಲಿ ಮನೆ, ಮರ, ರೈಲು ನಿಲ್ದಾಣ, ಮಳೆ ಬರೆಯುವುದರಲ್ಲೇ ಕಳೆದಿತ್ತು. ಮುಖ ಬರೆಯುವುದು ಹೆಸರಿದ್ದವರ ಹಕ್ಕು. ಕಣ್ಣನ್ನಂತೂ ಸಹಾಯಕರು ಮುಟ್ಟುವ ಹಾಗೇ ಇಲ್ಲ. ದೊಡ್ಡವರು ಮುಖ ಬರೆದು ಕಾಫಿಗೆ ಏಳುತ್ತಾರೆ. ಆ ಮುಖ ನಿಲ್ಲಲು ಬೇಕಾದ ನೆಲ, ಗೋಡೆ, ಆಕಾಶವನ್ನೆಲ್ಲ ಸಹಾಯಕರು ಬೆನ್ನು ಬಗ್ಗಿಸಿ ಕಟ್ಟುತ್ತಾರೆ. ಪುಸ್ತಕದ ಮೇಲೆ ಬರುವುದು ಒಂದೇ ಹೆಸರು.

ಅವಳು ಹುಟ್ಟಿದ್ದು ನಿಗಾತದ ಕಡೆ, ಬಣ್ಣಗಾರರ ಮನೆಯಲ್ಲಿ. ಅಪ್ಪ ಕಿಮೊನೊ ಉಡುಪಿನ ರೇಷ್ಮೆಯ ಮೇಲೆ ಹೂಬಳ್ಳಿ ಬರೆಯುತ್ತಿದ್ದ. ಅವನ ಕುಂಚವನ್ನೂ ಬೈಗುಳವನ್ನೂ ಒಟ್ಟಿಗೇ ಕಲಿತಳು. ಇಪ್ಪತ್ತೆರಡಕ್ಕೆ ಟೋಕಿಯೋಗೆ ಬಂದು ಸ್ವಂತ ಕಥೆ ಬರೆದಳು. ಪತ್ರಿಕೆಯೊಂದು ಮೂರನ್ನು ಹಾಕಿ ನಾಲ್ಕನೆಯದನ್ನು ಹಿಂದಿರುಗಿಸಿತು. ನೀನು ಬರೆದ ಮನೆಗಳಲ್ಲಿ ಉಸಿರಿದೆ, ಮನುಷ್ಯರಲ್ಲಿ ಇಲ್ಲ ಎಂದು ಸಂಪಾದಕ ಮುಲಾಜಿಲ್ಲದೆ ಹೇಳಿದ. ಅಂದಿನಿಂದ ಅವಳು ಮನೆಗಳನ್ನೇ ಬರೆದಳು.

ಅವಳಿದ್ದ ಕೆಲಸದ ಮನೆಗೆ ರಿತ್ಸುಕೊ ಹೊಸ ಸಹಾಯಕಿಯಾಗಿ ಬಂದದ್ದು ಐದು ವರ್ಷದ ನಂತರ. ಯೊಕೊಹಾಮಾದ ಹಲ್ಲಿನ ಡಾಕ್ಟರ ಮಗಳು. ಹೊಸ ನಿಬ್ಬನ್ನು ಬೆಂಕಿಗೆ ಹಿಡಿದು ಎಣ್ಣೆ ಬಿಡಿಸಬೇಕೆಂಬುದೂ ಗೊತ್ತಿರಲಿಲ್ಲ. ಫುಮಿಯೆಯೇ ಕಲಿಸಿದಳು. ಆದರೆ ಆ ಹುಡುಗಿ ಎರಡು ಗೆರೆ ಎಳೆದರೆ ಸಾಕು, ಹಾಳೆಯ ಮೇಲಿನ ಕಣ್ಣು ನೋಡಿದವರನ್ನು ಹಿಂದಿರುಗಿ ನೋಡುತ್ತಿತ್ತು. ಆರು ವರ್ಷಕ್ಕೆ ರಿತ್ಸುಕೊ ಟೋಕಿಯೋದ ನೆರಿಮಾದಲ್ಲಿ ಸ್ವಂತ ಕೆಲಸದ ಮನೆ ಮಾಡಿದಳು. ಮೊದಲು ಕರೆದದ್ದು ಫುಮಿಯೆಯನ್ನು, ಹಿನ್ನೆಲೆ ಬರೆಯಲು.

ಫುಮಿಯೆ ಹೋದಳು. ಹೊರಗಿನವರೆದುರು ಅವಳನ್ನು ಸೆನ್ಸೆಯಿ ಎಂದೇ ಕರೆಯಬೇಕಿತ್ತು. ತಾನು ಕಲಿಸಿದವಳನ್ನು ಗುರುವೇ ಎನ್ನುವಾಗಲೆಲ್ಲ ನಿಬ್ಬು ಒರೆಸುತ್ತ ಬೇರೆಡೆ ನೋಡುತ್ತಿದ್ದಳು. ಗುರುವಾರ ಅಭಿಮಾನಿಗಳ ಪತ್ರದ ಚೀಲ ಬಂದರೆ ಅದರ ಗಾತ್ರವನ್ನು ಓರೆಗಣ್ಣಲ್ಲೇ ಅಳೆಯುತ್ತಿದ್ದಳು. ರೈಲಿನಲ್ಲಿ ಶಾಲೆಯ ಹುಡುಗಿಯರು ರಿತ್ಸುಕೊಳ ಚಿತ್ರವಿರುವ ಪೆನ್ಸಿಲ್ ಡಬ್ಬಿ ತೆಗೆದರೆ ಎದ್ದು ಬೇರೆ ಬೋಗಿಗೆ ಹೋಗುತ್ತಿದ್ದಳು. ಅಲ್ಲೂ ಒಬ್ಬಳಿರುತ್ತಿದ್ದಳು.

ಆ ವರ್ಷ ರಿತ್ಸುಕೊಗೆ ಆನಿಮೇಷನ್ ಸಿನಿಮಾವೊಂದರ ಪಾತ್ರಗಳ ರೂಪ ಬರೆಯುವ ಕೆಲಸ ಬಂತು. ನಾಯಕಿಯ ದೊಡ್ಡ ಚಿತ್ರ ಊರೆಲ್ಲ ಪೋಸ್ಟರಾಗಿ ಅಂಟಲಿತ್ತು. ಹಿದಾ ಎಂಬ ಐವತ್ತರ ಸಹಾಯಕ ಬಾರ್ಲಿ ಚಹಾ ಹೀರುತ್ತ ಕೆಣಕಿದ: “ಏನಮ್ಮ, ಇನ್ಮೇಲೆ ನಿಲ್ದಾಣದಲ್ಲೂ ಅವಳು ಬರೆದ ಮುಖಕ್ಕೇ ನಮಸ್ಕಾರ ಹಾಕ್ಬೇಕಲ್ಲ ನೀನು.” ಫುಮಿಯೆ ಮಸಿ ಕಲಕುತ್ತ ಕೂತಳು.

ಮುಖ ಓರೆಯಾಗಿದೆಯೇ ಎಂದು ನೋಡಲು ಹಾಳೆಯನ್ನು ಹಿಂದುಮುಂದು ಮಾಡಿ ಕಿಟಕಿಯ ಗಾಜಿಗೆ ಹಿಡಿಯುವುದು ಈ ಕಸುಬಿನವರ ರೂಢಿ. ರಿತ್ಸುಕೊ ಹಾಗೆ ಹಿಡಿದಾಗ ಹಿಂಬದಿಯ ಮುಖವೇ ಚೆಂದ ಕಂಡಿತು. ಅಲ್ಲಿಂದಲೇ ಹೊಸ ಹಾಳೆಗೆ ಇಳಿಸಿಕೊಂಡಳು. ಅದಲುಬದಲಾದ ಬೈತಲೆಯನ್ನು ಮೊದಲಿನ ಬದಿಗೆ ತಿದ್ದಿದಳು, ಕೆನ್ನೆಯ ಮಚ್ಚೆ ತಿದ್ದಿದಳು. ಕಿಮೊನೊ ತಿದ್ದಲು ಮರೆತಳು. ಅದರ ಮೇಲೆ ಹೂ ತುಂಬಲು ಫುಮಿಯೆಗೆ ಕೊಟ್ಟಳು.

ಫುಮಿಯೆ ನೋಡಿದೊಡನೆ ಕಂಡುಹಿಡಿದಳು. ಕಿಮೊನೊದ ಎಡ ಮಗ್ಗುಲು ಒಳಗೆ ಹೋಗಿ ಬಲ ಮಗ್ಗುಲು ಮೇಲೆ ಬಂದಿತ್ತು. ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ಬಾಯಿ ತೆರೆಯಲಿಲ್ಲ. ಊರೆಲ್ಲ ನಗಲಿ ಎಂದುಕೊಂಡು ಎರಡು ದಿನ ಕೂತು, ಅಪ್ಪ ಬರೆಯುತ್ತಿದ್ದಂಥ ನೀಲಿ ಗಂಟೆಹೂಗಳನ್ನು ಕೊರಳಿನಿಂದ ಅಂಚಿನವರೆಗೆ ತುಂಬಿದಳು. ಬದುಕಿನಲ್ಲಿ ಅಷ್ಟು ಚೆಂದದ ಹೂ ಅವಳು ಬರೆದಿರಲಿಲ್ಲ. ಸಂತೋಷಕ್ಕೆ ಕೈ ತಾನಾಗೇ ಓಡುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಸಿನಿಮಾ ಕಂಪನಿಯ ಕುಸಾನೊ ಬಂದ. ಚಿತ್ರ ನೋಡಿದ. ಮುಖದ ಬಗ್ಗೆ ಒಂದು ಮಾತು ಆಡಿದ, ಹೂವಿನ ಬಗ್ಗೆ ಹತ್ತು. ಇಂಥ ಹೂವನ್ನು ಅಜ್ಜಿಯ ಮದುವೆಯ ಕಿಮೊನೊ ಬಿಟ್ಟರೆ ಎಲ್ಲೂ ನೋಡಿಲ್ಲ ಎಂದ. ರಿತ್ಸುಕೊ ತಲೆ ಬಗ್ಗಿಸಿ, “ಇನ್ನೂ ಕಲೀತಾ ಇದೀನಿ, ಏನೋ ಬಂದಿದೆ” ಎಂದಳು.

ಫುಮಿಯೆ ನಿಬ್ಬು ಕೆಳಗಿಟ್ಟಳು. ಮುಖದ ಹೊಗಳಿಕೆ ಅವಳು ತಗೊಳ್ಳಲಿ, ಹೂವಿನದ್ದೂ ತಗೊಂಡಳಲ್ಲ. ಸುಮ್ಮನಿದ್ದರೆ ನಗೆಪಾಟಲು ರಿತ್ಸುಕೊಳದ್ದೇ, ನಿಜ. ಆದರೆ ಆ ಹೂಗಳೂ ಅದರ ಜೊತೆಗೇ ಹೆಣದ ಬಟ್ಟೆಯ ಮೇಲೆ ನೇತಾಡುತ್ತವೆ.

“ಸೆನ್ಸೆಯಿ, ಈ ಹುಡುಗಿ ಸತ್ತು ಎಷ್ಟು ದಿನ ಆಯ್ತು?” ಎಂದಳು.

ಕುಸಾನೊ ಬಗ್ಗಿ ಕೊರಳಪಟ್ಟಿ ನೋಡಿದ. ಅವನ ಮುಖ ಬಿಳುಚಿತು. ಹಿದಾ ಚಹಾದ ಲೋಟವನ್ನು ನೆಲಕ್ಕಿಟ್ಟ. ಸಂಜೆ ಐದಕ್ಕೆ ಚಿತ್ರ ಅಚ್ಚಿನ ಮನೆಯಲ್ಲಿರಬೇಕು ಎಂದು ಕುಸಾನೊ ತೊದಲಿದ. ರಿತ್ಸುಕೊ ಹಾಳೆ ಕತ್ತರಿಸಿ ಎದೆಯ ಭಾಗಕ್ಕೆ ತೇಪೆ ಅಂಟಿಸಿದಳು, ಸರಿಯಾದ ಮಡಿಕೆ ಎಳೆದಳು. ಕಾಲು ಗಂಟೆಯ ಕೆಲಸ. ತೇಪೆಯ ಮೇಲೆ ಮತ್ತೆ ಹೂ ತುಂಬಲೆಂದು ಚಿತ್ರವನ್ನು ಫುಮಿಯೆಯ ಮೇಜಿಗೆ ತಂದಿಟ್ಟು ದನಿ ತಗ್ಗಿಸಿ ಕೇಳಿದಳು:

“ಫುಮಿಯಕ್ಕ, ಎರಡು ದಿನ ಅದರ ಮುಂದೆ ಕೂತಿದ್ರಿ. ಮೊದಲೇ ನೋಡಿದ್ರಲ್ವಾ?”

“ನೋಡಿದ್ದೆ.”

“ಮತ್ತೆ ಯಾಕೆ ಸುಮ್ನಿದ್ರಿ?”

“ನಿನ್ನ ಕಂಡ್ರೆ ಹೊಟ್ಟೆ ಉರಿಯತ್ತೆ, ಅದಕ್ಕೆ. ಈಗ ಕೇಳು. ಪೋಸ್ಟರ್ ಮೇಲೆ ನನ್ನ ಹೆಸರು ಬರ್ಬೇಕು. ಹೂ ಬರೆದೋಳು ಅಂತ. ಇಲ್ದಿದ್ರೆ ನಿಬ್ಬು ಮುಟ್ಟಲ್ಲ.”

ಸಹಾಯಕರ ಹೆಸರು ಹಾಕುವ ಪದ್ಧತಿಯಿಲ್ಲ ಎಂದು ಕುಸಾನೊ ಶುರುಮಾಡಿದ. ಹತ್ತೊಂಬತ್ತು ವರ್ಷದಿಂದ ಅದನ್ನೇ ಕೇಳುತ್ತಿದ್ದೇನೆ ಎಂದ ಫುಮಿಯೆ ಗೋಡೆಯ ಗಡಿಯಾರದತ್ತ ಕೈ ತೋರಿಸಿದಳು. ಎರಡೂವರೆಯಾಗಿತ್ತು. ಹಿದಾ ತನ್ನ ಪೆನ್ನನ್ನೂ ಕೆಳಗಿಟ್ಟ. ಅವನನ್ನು ಯಾರೂ ಕೇಳಿರಲಿಲ್ಲ.

ರಿತ್ಸುಕೊ ಹೂವಿಲ್ಲದ ಆ ತೇಪೆಯ ಅಂಚನ್ನು ಬೆರಳಿನಿಂದ ಒತ್ತಿದಳು. ಆಮೇಲೆ ಕುಸಾನೊಗೆ, “ಹಾಕಿ” ಎಂದಳು.

ಪೋಸ್ಟರು ತಿಂಗಳ ನಂತರ ನಿಲ್ದಾಣದ ಗೋಡೆಗೆ ಬಂತು. ಫುಮಿಯೆ ಜನರ ನಡುವೆ ನಿಂತು ಮೊದಲು ತನ್ನ ಹೆಸರು ಹುಡುಕಿದಳು. ಇತ್ತು. ರಿತ್ಸುಕೊಳದ್ದು ಒಂದು ಗೇಣು, ತನ್ನದು ಕಿರುಬೆರಳಿನ ಉಗುರಿನಷ್ಟು. ಅರ್ಧ ನಿಮಿಷ ಹಿಗ್ಗಿದ್ದ ಎದೆ ಮತ್ತೆ ಉರಿಯತೊಡಗಿತು.

ನೇರ ಕೆಲಸದ ಮನೆಗೆ ಹೋಗಿ ಚಪ್ಪಲಿ ಬಿಟ್ಟವಳೇ, ಮುಂದಿನ ಪೋಸ್ಟರಿನಲ್ಲಿ ಇಬ್ಬರದ್ದೂ ಒಂದೇ ಅಳತೆ ಎಂದಳು. ರಿತ್ಸುಕೊ ಬರೆಯುತ್ತಿದ್ದ ಕಣ್ಣಿನಿಂದ ತಲೆಯೆತ್ತದೆ, “ಅದು ಕಂಪನಿಯವರನ್ನ ಕೇಳ್ಬೇಕಕ್ಕ” ಎಂದಳು.

“ಕೇಳು. ಕಾಯ್ತೀನಿ.”

ಫುಮಿಯೆ ತನ್ನ ಮಸಿ ಸೀಸೆಯ ಮುಚ್ಚಳ ತಿರುಗಿಸಿ ಬಿಗಿಮಾಡಿ, ಕೈ ಕಟ್ಟಿ ಕೂತಳು.