ಗೀರಿಲ್ಲದ ಪ್ರತಿ

ಗೀರಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಂಗಡಿಯವರು ಇಟ್ಟದ್ದು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಗಾಜು ಉಜ್ಜಿದ ಮನುಷ್ಯ ಅವನು. ಉಜ್ಜಿದ ಗಾಜನ್ನು ದೀಪದ ಕೆಳಗೆ ಹಿಡಿದು, ಹೀಗೊಮ್ಮೆ ಹಾಗೊಮ್ಮೆ ವಾಲಿಸಿ, ಬೇರೆ ಯಾರ ಕಣ್ಣಿಗೂ ಬೀಳದ ಗೀರನ್ನು ಪತ್ತೆ ಹಚ್ಚುತ್ತಿದ್ದ. ಗೀರು ಸಿಕ್ಕಿದರೆ ಮುಖ ಅರಳುತ್ತಿತ್ತು. ಸಿಗದಿದ್ದರೆ ಏನೋ ತಪ್ಪಿಹೋಗಿದೆ ಎಂದು ಇನ್ನೊಮ್ಮೆ ನೋಡುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಹೊಸ ಲೋಟ ತಂದರೆ ಕಿಟಕಿಯ ಬೆಳಕಿಗೆ ಹಿಡಿಯುವನು, ನೆಂಟರು ಉಡುಗೊರೆ ಕೊಟ್ಟ ಗಡಿಯಾರವನ್ನು ಅವರೆದುರಿಗೇ ವಾಲಿಸಿ ನೋಡುವನು. ಮದುವೆಯ ದಿನ ಹೆಂಡತಿಯನ್ನೂ ದೀಪಕ್ಕೆ ಹಿಡಿದು ನೋಡಿರಬೇಕು ಎಂದು ಅಂಗಡಿಯವರು ಅವನ ಬೆನ್ನ ಹಿಂದೆ ನಗುತ್ತಿದ್ದರು.

ಹೆಂಡತಿ ಮದುವೆಗೆ ಮುಂಚೆ ಜಪಾನಿನ ಒಂದು ಹೊಲಿಗೆ ಯಂತ್ರದ ಕಂಪನಿಯಲ್ಲಿ ಕೆಲಸಕ್ಕಿದ್ದವಳು. ಮಳಿಗೆಯಲ್ಲಿ ಕೂತು, ಯಂತ್ರ ಕೊಳ್ಳಲು ಬಂದವರಿಗೆ ನೂಲು ಪೋಣಿಸುವುದು, ಅಂಚು ಮಡಚುವುದು, ಕಾಜಾ ಹಾಕುವುದು ತೋರಿಸಿಕೊಡಬೇಕು. ಬಂದವರು ಯಂತ್ರ ನೋಡಿ ಮೆಚ್ಚುತ್ತಿದ್ದರೋ ಅವಳ ಮಾತು ಕೇಳಿ ಮೆಚ್ಚುತ್ತಿದ್ದರೋ ಹೇಳುವುದು ಕಷ್ಟ, ಅಂತೂ ಆ ಮಳಿಗೆಯಲ್ಲಿ ಯಂತ್ರಗಳು ಮಾರಾಟವಾಗದೆ ಉಳಿಯುತ್ತಿರಲಿಲ್ಲ. ಹೊಲಿಯುವಾಗ ಹಾಡಿಕೊಳ್ಳುವ ಅಭ್ಯಾಸವೂ ಇತ್ತು. ಕಂಪನಿಯ ದೊಡ್ಡವರು ಒಮ್ಮೆ ಬಂದಾಗ ಅದು ಅವರ ಕಿವಿಗೆ ಬಿತ್ತು.

ಹಾಗಾಗಿ ಕಂಪನಿಯ ಪ್ರಚಾರದ ರೆಕಾರ್ಡಿನಲ್ಲಿ ಅವಳಿಗೂ ಜಾಗ ಸಿಕ್ಕಿತು. ಐದು ದೇಶದ ಐದು ಹೆಂಗಸರು ತಮ್ಮ ತಮ್ಮ ಭಾಷೆಯಲ್ಲಿ ನಾಲ್ಕು ಸ್ವಾಗತದ ಮಾತು ಹೇಳಿ, ಆಮೇಲೆ ಹೊಲಿಗೆಯ ಹಾಡೊಂದನ್ನು ಹಾಡಬೇಕು. ಅವಳ ಪಾಲು ಎರಡನೇ ಬದಿಯ ಕೊನೆಗೆ, ಎರಡೂವರೆ ನಿಮಿಷ. ಜಪಾನಿನಲ್ಲಿ ಮುನ್ನೂರು ಪ್ರತಿ ಅಚ್ಚಾದವು. ಬಿಳಿ ಲೇಬಲ್ಲು, ಅದರ ಮೇಲೆ ಮಾರಾಟಕ್ಕಲ್ಲ ಎಂದು ಕೆಂಪು ಜಪಾನಿ ಅಕ್ಷರ, ಕವರಿನ ಎಡಕ್ಕೆ ಸೊಂಟಪಟ್ಟಿಯ ಹಾಗೆ ಸುತ್ತಿದ ಹಸಿರು ಕಾಗದದ ಪಟ್ಟಿ. ಒಂದು ಪ್ರತಿ ಅವಳಿಗೆ ಬಂತು. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಇಟ್ಟುಕೊಂಡು ಬಂದಳು.

ಗೀರಣ್ಣನಿಗೆ ಹುಚ್ಚು ಹತ್ತಿದ್ದು ಅಲ್ಲಿಂದ. ಆ ರೆಕಾರ್ಡನ್ನು ಮೊದಲ ಸಲ ದೀಪಕ್ಕೆ ಹಿಡಿದಾಗ ಅವನ ಉಸಿರೇ ನಿಂತಿತಂತೆ. ಅಷ್ಟು ನುಣುಪಾದ ಕಪ್ಪು ಅವನು ಕಂಡಿರಲಿಲ್ಲ. ಮುಳ್ಳು ಇಟ್ಟರೆ ಹಾಡು ಶುರುವಾಗುವ ತನಕ ಏನೂ ಕೇಳಿಸದು, ಅಂಥ ಮೌನ. ಬೇರೆ ಕಡೆಯ ರೆಕಾರ್ಡುಗಳೆಲ್ಲ ಅದರ ಮುಂದೆ ಮರಳು ಹುರಿದ ಹಾಗೆ ಸದ್ದು ಮಾಡುತ್ತಿದ್ದವು. ಅಂದಿನಿಂದ ಅವನಿಗೆ ಜಪಾನಿ ಅಚ್ಚೇ ಆಗಬೇಕು, ಅದರಲ್ಲೂ ಅಂಗಡಿಗೆ ಬರದ ಪ್ರಚಾರದ ಪ್ರತಿಗಳು ಆಗಬೇಕು. ಪತ್ರ ಬರೆದ, ಅದಲುಬದಲು ಮಾಡಿದ, ಬಂದರಿನಲ್ಲಿ ಹಡಗಿನ ಅಡುಗೆಯವರ ಸ್ನೇಹ ಮಾಡಿದ. ಹಾಡು ಯಾವುದಾದರೂ ಆದೀತು. ಜಪಾನಿ ಭಾಷೆಯಲ್ಲಿ ಟ್ರ್ಯಾಕ್ಟರಿನ ವರ್ಣನೆ ಮಾಡುವ ರೆಕಾರ್ಡು ಕೂಡ ಅವನ ಕಪಾಟಿನಲ್ಲಿತ್ತು. ಹೆಚ್ಚಿನವನ್ನು ಅವನು ಹಾಕಿ ಕೇಳುತ್ತಲೇ ಇರಲಿಲ್ಲ. ಮುಳ್ಳು ಮುಟ್ಟಿದರೆ ಸವೆಯುತ್ತದಲ್ಲ. ಭಾನುವಾರ ಬೆಳಿಗ್ಗೆ ಒಂದೊಂದಾಗಿ ತೆಗೆದು, ಬೆಳಕಿಗೆ ಹಿಡಿದು, ಒರೆಸಿ, ಒಳಗಿಡುವನು. ಅದೇ ಅವನ ಸಂಗೀತ.

ಹೆಂಡತಿಯ ರೆಕಾರ್ಡಿಗೆ ಮಾತ್ರ ಈ ಕಾನೂನು ನಡೆಯಲಿಲ್ಲ. ಅದು ಅವಳದು. ಬೇಕೆಂದಾಗ ಹಾಕುವಳು, ಒದ್ದೆ ಕೈಯಲ್ಲೇ ಎತ್ತುವಳು, ಕವರಿನ ಹೊರಗೇ ಬಿಡುವಳು. ತನ್ನದೇ ದನಿಯ ಜೊತೆ ತಾನೂ ಹಾಡಿಕೊಂಡು ಕೆಲಸ ಮಾಡುವಳು. ವರ್ಷ ಕಳೆದಂತೆ ಅದರಲ್ಲಿ ಟಿಕ್ ಟಿಕ್ ಸದ್ದು ಸೇರಿಕೊಂಡಿತು. ಅದು ಕೇಳಿದಾಗಲೆಲ್ಲ ಪಕ್ಕದ ಕೋಣೆಯಲ್ಲಿದ್ದ ಗೀರಣ್ಣ ಹಲ್ಲು ಕಚ್ಚಿಕೊಳ್ಳುತ್ತಿದ್ದ. ಹೀಗೆ ಹತ್ತೊಂಬತ್ತು ವರ್ಷ.

ಊರಿನಲ್ಲಿ ಅವನಂಥ ಹುಚ್ಚಿನವನು ಇನ್ನೊಬ್ಬನಿದ್ದ, ಒಂದು ಚಿಕ್ಕ ಮುದ್ರಣಾಲಯದ ಮಾಲೀಕ. ಎಲ್ಲರೂ ಪ್ರೆಸ್ಸಿನವರು ಅನ್ನುತ್ತಿದ್ದರು. ಅವನ ಹುಚ್ಚು ಕವರಿನದು, ಪಟ್ಟಿಯದು. ಬಣ್ಣ ಹೇಗೆ ಕೂತಿದೆ, ಕಾಗದ ಎಷ್ಟು ದಪ್ಪ, ಮೊದಲ ಮುದ್ರಣವೋ ಎರಡನೆಯದೋ, ಇಷ್ಟೇ ಅವನ ಲೋಕ. ಒಳಗಿನ ರೆಕಾರ್ಡು ಅವನ ಪಾಲಿಗೆ ಕವರು ಬಾಗದಿರಲೆಂದು ಇಟ್ಟ ರಟ್ಟು. ಒಂದು ದಿನ ಅವನು ಅದೇ ಹೊಲಿಗೆ ಕಂಪನಿಯ ಇನ್ನೊಂದು ಪ್ರತಿ ಹಿಡಿದುಕೊಂಡು ಬಂದ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿದ್ದು, ಒಮ್ಮೆಯೂ ಬಿಚ್ಚದ್ದು. ಆದರೆ ಅದರ ಪಟ್ಟಿ ಕೆಂಪು, ಅಂದರೆ ಎರಡನೇ ಮುದ್ರಣ. ಗೀರಣ್ಣನ ಮನೆಯದು ಹಸಿರು ಪಟ್ಟಿಯ ಮೊದಲ ಮುದ್ರಣ. ಅದಲುಬದಲು ಮಾಡೋಣವೇ ಎಂದು ಕೇಳಿದ. ಗೀರಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು ಎಂಬಂತಾಗಿ, ಹೆಂಡತಿ ಅಡುಗೆಮನೆಯಿಂದ ಬರುವುದರೊಳಗೆ ಒಪ್ಪಿಬಿಟ್ಟಿದ್ದ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ಹೇಳಿದ್ದು ಒಂದೇ ಮಾತು. "ಅದರಲ್ಲಿ ನಾನಿದ್ದೀನಲ್ರೀ."

"ಇದರಲ್ಲೂ ನೀನೇ ಇರೋದು," ಅಂದ ಗೀರಣ್ಣ. "ಗೀರಿಲ್ಲದ ನೀನು."

ಇಂಥ ಮಾತಾಡುವ ಗಂಡನಿಗೆ ಏನನ್ನಬೇಕು? ಹಾಕಿ ಕೇಳೋಣ ಎಂದು ಆ ವಾರ ಒಮ್ಮೆ ಕೇಳಿದಳು. ಹಾಳೆ ಕತ್ತರಿಸಿದರೆ ಅದರ ಬೆಲೆಯೆಲ್ಲ ಹೋಯಿತು ಎಂದು ಅವನು ವಿವರಿಸಿದ. ಬೆಲೆಯೆಂದರೆ ಮಾರುವ ಬೆಲೆಯಲ್ಲ, ಮಾರುವ ಯೋಚನೆ ಅವನಿಗೆ ಕನಸಿನಲ್ಲೂ ಇರಲಿಲ್ಲ. ಬಿಚ್ಚದೆ ಇರುವುದೇ ಅದರ ಬೆಲೆ. ಅವಳಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗದಿರುವುದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

ಮೂರು ವರ್ಷದ ಮೇಲೆ ಅವಳ ಗಂಟಲು ಕಟ್ಟಿತು. ಕಷಾಯ ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು, ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಚಿತ್ರ ಬರೆದು ತೋರಿಸಿದರು. ಗಡ್ಡೆ ದನಿಪೆಟ್ಟಿಗೆಯ ಮೇಲೆಯೇ ಕೂತಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಆಪರೇಷನ್ನಿಗೆ ಇನ್ನೂ ಹನ್ನೆರಡು ದಿನ ಇತ್ತು. ಮೊಬೈಲು ಇನ್ನೂ ಬಾರದ ಕಾಲ. ಎದುರುಮನೆಯ ಮೇಷ್ಟ್ರು ತಮ್ಮ ಟೇಪ್ ರೆಕಾರ್ಡರು ತಂದು, ಒಂದಿಷ್ಟು ಮಾತಾಡಿಸಿ ಇಟ್ಟುಕೊಳ್ಳಿ ಎಂದರು. ಗೀರಣ್ಣನಿಗೆ ಟೇಪೆಂದರೆ ಆಗದು. ಬೂಸ್ಟು ಹಿಡಿಯುತ್ತೆ, ಎಳೆದುಕೊಳ್ಳುತ್ತೆ, ಎರಡು ವರ್ಷಕ್ಕೆ ಕುರಿಯ ದನಿ ಬರುತ್ತೆ ಎಂದು ಅವರಿಗೇ ಪಾಠ ಹೇಳಿ ಕಳಿಸಿದ. ಮಂಚದ ಮೇಲೆ ಕೂತಿದ್ದ ಹೆಂಡತಿಯ ಕಡೆ ತಿರುಗಿ, ನಿನ್ನ ದನಿ ನಮ್ಮ ಕಪಾಟಿನಲ್ಲಿ ಭದ್ರವಾಗಿದೆ ಎಂದು ಧೈರ್ಯ ತುಂಬಿದ. ಅವಳು ನಂಬಿದಳು.

ಆಪರೇಷನ್ ಆಯಿತು. ಕೊರಳಿನಲ್ಲಿ ಉಸಿರಿಗೆ ಒಂದು ತೂತು ಉಳಿಯಿತು. ಅದನ್ನು ಮುಚ್ಚಲು ಅವಳೇ ತೆಳು ಬಟ್ಟೆಯ ಪಟ್ಟಿಗಳನ್ನು ಹೊಲಿದುಕೊಂಡಳು. ಮಾತೆಲ್ಲ ಒಂದು ನೋಟುಪುಸ್ತಕದಲ್ಲಿ, ಸೀಸದ ಕಡ್ಡಿಯಲ್ಲಿ. ಮೊದಮೊದಲು ಉದ್ದುದ್ದ ಬರೆಯುತ್ತಿದ್ದಳು. ಗಂಡ ಕನ್ನಡಕ ಹುಡುಕಿ ಓದುವಷ್ಟರಲ್ಲಿ ಹೇಳಬೇಕೆಂದ ಹುರುಪೇ ಆರಿಹೋಗುತ್ತಿತ್ತು. ಆಮೇಲಾಮೇಲೆ ಹಾಲು, ಬೀಗ, ಊಟ ಎಂದು ಒಂದೊಂದೇ ಪದ ಬರೆದಳು.

ರೆಕಾರ್ಡು ಹಾಕಿ ಎಂದು ಅವಳು ಮೊದಲ ಸಲ ಬರೆದಾಗ, ಪ್ಲೇಯರಿನ ಮುಳ್ಳು ಸವೆದಿದೆ, ಹೊಸದು ತರಿಸುತ್ತೇನೆ ಎಂದ. ಎರಡನೇ ಸಲ ಬರೆದಾಗ, ಇದು ಧೂಳಿನ ಕಾಲ, ಸ್ವಲ್ಪ ತಡಿ ಎಂದ. ಸುಳ್ಳೇನಲ್ಲ, ಮುಳ್ಳು ಸವೆದಿತ್ತು, ಧೂಳೂ ಇತ್ತು. ಆದರೆ ನಿಜವಾದ ಕಾರಣ ಆ ಹಾಳೆ. ಬ್ಲೇಡು ಹಿಡಿದು ಎರಡು ಸಲ ಕಪಾಟಿನ ಮುಂದೆ ನಿಂತಿದ್ದ, ಎರಡು ಸಲವೂ ಕೈ ಬಂದಿರಲಿಲ್ಲ. ಮೂಕಿಯಾಗಿ ಕೂತ ಹೆಂಡತಿಗಿಂತ ಒಂದು ಪ್ಲಾಸ್ಟಿಕ್ ಹಾಳೆ ಹೆಚ್ಚಾಗಿತ್ತೇ ಎಂದರೆ, ಹೌದು, ಹನ್ನೊಂದು ತಿಂಗಳು ಹೆಚ್ಚಾಗಿತ್ತು.

ಮೂರನೇ ಸಲ ಅವಳು ಅರ್ಧ ಪುಟ ಬರೆದಳು. "ಕನಸಲ್ಲಿ ಮಾತಾಡ್ತೀನಿ. ಬೇರೆ ಯಾರದೋ ದನಿ ಬರುತ್ತೆ. ನನ್ನದು ಹೇಗಿತ್ತು ಅಂತ ನನಗೇ ಮರೆತುಹೋಗ್ತಿದೆ. ಒಂದೇ ಒಂದು ಸಲ ಹಾಕಿ."

ಆ ಭಾನುವಾರ ಬೆಳಿಗ್ಗೆ ಅವನು ಪ್ಲೇಯರಿಗೆ ಹೊಸ ಮುಳ್ಳು ಕೂರಿಸಿ, ಹಾಳೆ ಕತ್ತರಿಸಿದ. ಅವಳು ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಯಾರನ್ನೋ ಎದುರುಗೊಳ್ಳುವವಳ ಹಾಗೆ ಕುರ್ಚಿಯಲ್ಲಿ ಕೂತಿದ್ದಳು. ರೆಕಾರ್ಡನ್ನು ಕಿಟಕಿಯ ಬೆಳಕಿಗೆ ವಾಲಿಸಿದ. ಒಂದು ಗೀರಿಲ್ಲ. ಅವಳಿಗೂ ತೋರಿಸಿದ. ಎರಡನೇ ಬದಿ ಹಾಕಿದ. ಮೌನ, ಆಮೇಲೆ ಒಬ್ಬ ಗಂಡಸಿನ ದನಿ, ಜಪಾನಿಯಲ್ಲಿ. ಹಳೆಯದರಲ್ಲಿ ಈ ಗಂಡಸು ಇರಲಿಲ್ಲ. ಎರಡನೇ ಮುದ್ರಣಕ್ಕೆ ಮುನ್ನುಡಿ ಸೇರಿಸಿರಬೇಕು ಎಂದ ಗೀರಣ್ಣ. ಗಂಡಸು ಮಾತಾಡಿದ, ಏನನ್ನೋ ಬಡಿದು ತೋರಿಸಿದ, ಯಂತ್ರದ ಸದ್ದು ಬಂತು, ಮತ್ತೆ ಮಾತಾಡಿದ. ಅವಳು ನಗುಮುಖ ಇಟ್ಟುಕೊಂಡೇ ಇದ್ದಳು. ಈ ಮಾತು ಮುಗಿದ ಕೂಡಲೆ ತಾನು ಬರುತ್ತೇನೆ ಎಂದು ಕಾಯುತ್ತಿದ್ದಳು. ಮುಳ್ಳು ನಡುವಿಗೆ ಬಂದು ಎದ್ದು ನಿಂತಿತು. ಮೊದಲ ಬದಿ ಹಾಕಿದ. ಅಲ್ಲೂ ಅವನೇ, ಕೊನೆಯ ತನಕ.

ಅವಳು ನೋಟುಪುಸ್ತಕ ತೆರೆದು ಬರೆದಳು. "ನಾನೆಲ್ಲಿ?"

ಗೀರಣ್ಣ ರೆಕಾರ್ಡನ್ನು ಎತ್ತಿ ಹಿಡಿದ. ಲೇಬಲ್ಲು ಸರಿಯಾಗಿತ್ತು, ಹೆಸರು ಸರಿಯಾಗಿತ್ತು. ಲೇಬಲ್ಲಿನ ಪಕ್ಕದ ನುಣುಪು ಜಾಗದಲ್ಲಿ ಕೊರೆದ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ನೋಡಿದ. ಕೊನೆಯ ಅಂಕಿ ಲೇಬಲ್ಲಿನ ಸಂಖ್ಯೆಗೆ ಹೊಂದುತ್ತಿರಲಿಲ್ಲ. ಅಚ್ಚು ಹಾಕುವಾಗ ಯಾವುದೋ ರಿಪೇರಿ ಪಾಠದ ರೆಕಾರ್ಡಿಗೆ ಈ ಲೇಬಲ್ಲು ಕೂತಿತ್ತು. ಬಿಚ್ಚಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮರುದಿನ ಅಂಗಡಿಗೆ ಹೋಗದೆ ಪ್ರೆಸ್ಸಿಗೆ ಓಡಿದ. ಸಂಗತಿ ಕೇಳಿ ಪ್ರೆಸ್ಸಿನವನಿಗೆ ಮೊದಲು ಆದದ್ದು ಸಂತೋಷ. ತಪ್ಪು ಅಚ್ಚಿನ ಪ್ರತಿ ಎಂದರೆ ಸಾಮಾನ್ಯವೇ, ಲೋಕದಲ್ಲಿ ಅದೊಂದೇ ಇರಬಹುದು, ನಿಮ್ಮ ಅದೃಷ್ಟವೇ ಅದೃಷ್ಟ ಎಂದು ಅವನ ಕೈ ಹಿಡಿದು ಕುಲುಕಿದ. ಗೀರಣ್ಣನ ಮುಖ ನೋಡಿ ಕೈ ಬಿಟ್ಟ.

"ನನ್ನ ಹಳೇದು ಕೊಡಿ," ಅಂದ ಗೀರಣ್ಣ. "ಕವರು ಬೇಡ, ಪಟ್ಟೀನೂ ನೀವೇ ಇಟ್ಕೊಳ್ಳಿ. ರೆಕಾರ್ಡು ಕೊಟ್ಟರೆ ಸಾಕು."

ಪ್ರೆಸ್ಸಿನವನು ಗೋಡೆಯ ಕಡೆ ನೋಡಿದ. ಹಸಿರು ಪಟ್ಟಿಯ ಕವರು ಅಲ್ಲಿ ಚೌಕಟ್ಟಿನೊಳಗೆ ಚಪ್ಪಟೆಯಾಗಿ ಕೂತಿತ್ತು. "ಒಳಗೆ ರೆಕಾರ್ಡಿದ್ರೆ ಕವರಿನ ಮೇಲೆ ಉಂಗುರದ ಗುರುತು ಬೀಳುತ್ತಲ್ಲ ಗೀರಣ್ಣ," ಅಂದ. "ಅದಕ್ಕೆ ಆವತ್ತೇ ತೆಗೆದು ಬೇರೆ ಇಟ್ಟಿದ್ದೆ. ಹೋದ ವರ್ಷ ಪ್ರೆಸ್ಸು ಈ ಕಟ್ಟಡಕ್ಕೆ ಬಂತು ನೋಡಿ, ಆಗ ರದ್ದಿ ಜೊತೆ ಹೋಯ್ತು. ಅದು ಪೂರಾ ಗೀರಾಗಿತ್ತಲ್ಲ, ನೀವೇ ಹೇಳಿದ್ರಿ."

ಗೀರಣ್ಣನೇ ಹಾಗೆ ಹೇಳಿದ್ದ. ರದ್ದಿಯವನನ್ನು ಹುಡುಕಿದರೆ, ಅಂಥದ್ದನ್ನೆಲ್ಲ ಕರಗಿಸಲು ಕಳಿಸುತ್ತೇವೆ ಎಂದು ಅವನು ತೂಕದ ಕಲ್ಲು ಎತ್ತಿಡುತ್ತಲೇ ಹೇಳಿದ. ಆಮೇಲೆ ಏಳು ತಿಂಗಳು ಗೀರಣ್ಣ ಪತ್ರ ಬರೆದ. ಹೊಲಿಗೆ ಕಂಪನಿ ಇನ್ನಾವುದರಲ್ಲೋ ಸೇರಿಹೋಗಿತ್ತು, ಉತ್ತರವೇ ಬರಲಿಲ್ಲ. ಮಳಿಗೆಗಳು ಮುಚ್ಚಿ ಎಷ್ಟೋ ಕಾಲವಾಗಿತ್ತು. ಸಂಗ್ರಹಕಾರರಿಂದ ಮಾತ್ರ ಆರು ಪತ್ರ ಬಂದವು, ಎಲ್ಲರಿಗೂ ಆ ತಪ್ಪು ಅಚ್ಚಿನ ಪ್ರತಿಯೇ ಬೇಕು. ಅವಳಿದ್ದ ಪ್ರತಿ ಯಾರ ಹತ್ತಿರವೂ ಇರಲಿಲ್ಲ. ಒಂದೊಂದು ಲಕೋಟೆ ಬಂದಾಗಲೂ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅವನು ತಲೆಯಾಡಿಸಿದರೆ ಒಳಗೆ ಹೋಗುತ್ತಿದ್ದಳು.

ಕೊನೆಯ ಪತ್ರ ಬಂದ ಮಧ್ಯಾಹ್ನ ಅವಳು ಒಳಗೆ ಹೋಗಲಿಲ್ಲ. ಅವನೆದುರು ಕುರ್ಚಿ ಎಳೆದುಕೊಂಡು ಕೂತು ಬರೆದಳು. "ಹೋಗಲಿ ಬಿಡಿ. ನೀವು ಕೇಳಿದ್ದೀರಲ್ಲ. ಹೇಗಿತ್ತು ಹೇಳಿ."

"ಚೆನ್ನಾಗಿತ್ತು," ಅಂದ.

ಅವಳು ಹೇಗಿತ್ತು ಎಂಬ ಪದದ ಕೆಳಗೆ ಎರಡು ಗೆರೆ ಎಳೆದಳು.

ಗೀರಣ್ಣ ಕಣ್ಣು ಮುಚ್ಚಿದ. ಹಳೆಯ ರೆಕಾರ್ಡನ್ನು ಮನಸ್ಸಿನಲ್ಲಿ ತಂದು ತಿರುಗಿಸಿದ. ಅದು ಚೆನ್ನಾಗಿಯೇ ಬಂತು, ಅವನಿಗೆ ಗೆಲುವಾಯಿತು. "ನಮಸ್ಕಾರ ಅಂತಿದ್ದೆಯಲ್ಲ," ಅಂದ, "ಅದರ ಹಿಂದೇನೇ ಒಂದು ಟಿಕ್. ಹಾಡು ಶುರುವಾಗೋಕೆ ಮುಂಚೆ ಸರ್ ಅಂತ ಒಂದು ಎಳೆ. ಆಮೇಲೆ 'ಸೂಜಿ ಮುಂದೆ, ನೂಲು ಹಿಂದೆ' ಅನ್ನೋವಾಗ ಮೂರು ಟಿಕ್, ಒಂದರ ಹಿಂದೆ ಒಂದು. ಕೊನೇ ಸಾಲಲ್ಲಿ ಒಂದು ದೊಡ್ಡದು."

ಅಲ್ಲಿಗೆ ನಿಂತ. ಟಿಕ್ಕುಗಳ ನಡುವೆ ಏನೋ ಇರಬೇಕಿತ್ತು, ಅದು ಬರುತ್ತಿಲ್ಲ. ಪದಗಳಿದ್ದವು, ದನಿ ಇರಲಿಲ್ಲ. ರೆಕಾರ್ಡು ಬಿಟ್ಟು, ಅಡುಗೆಮನೆಯಿಂದ ಅವಳು ರೀ ಎಂದು ಕೂಗುತ್ತಿದ್ದುದನ್ನು ನೆನೆಸಿಕೊಂಡ, ಅದೂ ಬರಲಿಲ್ಲ. ಹತ್ತೊಂಬತ್ತು ವರ್ಷ ಪಕ್ಕದ ಕೋಣೆಯಲ್ಲಿ ಕೂತು ಅವನು ಮೈಯೆಲ್ಲ ಕಿವಿಯಾಗಿ ಕೇಳಿದ್ದು ಬರೀ ಗೀರನ್ನು. ಅವನು ಕಣ್ಣು ತೆರೆದ. ಅವಳು ಕಾಯುತ್ತಿದ್ದಳು, ಕೈಯಲ್ಲಿ ಸೀಸದ ಕಡ್ಡಿ ಹಿಡಿದೇ ಇದ್ದಳು. ಸುಳ್ಳು ಹೇಳಲು ಬಾಯಿ ತೆರೆದ, ಸುಳ್ಳೂ ಹೊಳೆಯಲಿಲ್ಲ.

"ಅಷ್ಟೇನಾ?" ಎಂದು ಬರೆದಳು.

"ಅಷ್ಟೇ ಕಣೇ," ಅಂದ ಗೀರಣ್ಣ.

ಅವಳು ಪುಸ್ತಕ ಮುಚ್ಚಿ, ಕಡ್ಡಿಯನ್ನು ಅದರ ಮೇಲಿಟ್ಟು, ಒಲೆಯ ಮೇಲೆ ಏನೋ ಇಟ್ಟು ಬಂದವಳ ಹಾಗೆ ಎದ್ದು ಅಡುಗೆಮನೆಗೆ ಹೋದಳು.