ವಿಮಾನದ ಲೆಕ್ಕ, ದೊಡ್ಡಕ್ಕನ ಲೆಕ್ಕ

ನಮ್ಮ ವಿಮಾನ ಟಿಕೆಟ್ ಅಂಗಡಿಯ ಹಿರಿಯ ಗುಮಾಸ್ತೆಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ಆಕಾಶವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿರುವ ನಾನು, ಪೈಲಟ್ಟನ ಭಾವಮೈದುನನ ಗತ್ತಿನಲ್ಲಿ "ಎಂಟು ಸಾವಿರ ಕಿಲೋಮೀಟರ್, ಹತ್ತೇ ಗಂಟೆ ಸಾರ್" ಎಂದರೆ ಸಾಕು, ಪಕ್ಕದ ಮೇಜಿನಿಂದ "ಅದು ವಿಮಾನದ ಲೆಕ್ಕ ಕಣಪ್ಪ, ಮನುಷ್ಯರದ್ದು ಹೇಳು" ಎಂಬ ಗದರಿಕೆ ಬರುತ್ತದೆ. ಶೂ ಬಿಚ್ಚುವ ಸಾಲು, ನಡುದಾರಿಯಲ್ಲಿ ಇನ್ನೊಂದು ವಿಮಾನಕ್ಕೆ ಕಾಯುವುದು, ಪೆಟ್ಟಿಗೆ ಬರುವ ತನಕದ ಚಡಪಡಿಕೆ, ಕೊನೆಗೆ ಟ್ಯಾಕ್ಸಿಯವನ ಜೊತೆ ಜಗಳ, ಎಲ್ಲವನ್ನೂ ಕೂಡಿಸಿ ಅವರು ಹತ್ತನ್ನು ಇಪ್ಪತ್ತು ಮಾಡುತ್ತಾರೆ. ಗಿರಾಕಿ ಮುಖ ಸಿಂಡರಿಸಿಕೊಂಡು ಎದುರಂಗಡಿಗೆ ನಡೆಯುತ್ತಾನೆ, ನನ್ನ ಕಮಿಷನ್ನೂ ಅವನ ಹಿಂದೆಯೇ ಹೋಗುತ್ತದೆ. ಮೊನ್ನೆ ಒಬ್ಬ ಓಡಿಬಂದ. ದೂರದ ಆಸ್ಪತ್ರೆಯಲ್ಲಿ ಅವನ ತಾಯಿ ಇಂದೋ ನಾಳೆಯೋ ಎನ್ನುವಂತಿದ್ದರು. "ಬೆಳಗಾಗೋದ್ರೊಳಗೆ ಅಲ್ಲಿರ್ತೀನಲ್ವಾ?" ಎಂದು ಕೇಳಿದ. ಇವತ್ತೊಂದು ದಿನವಾದರೂ ಗಂಟೆ ಕಡಿಮೆ ಹೇಳಮ್ಮ ತಾಯಿ ಎಂದು ನಾನು ದೊಡ್ಡಕ್ಕನಿಗೆ ಮನಸ್ಸಿನಲ್ಲೇ ಕೈಮುಗಿದೆ. "ಇಲ್ಲಪ್ಪಾ, ನಾಳೆ ಸಂಜೆ ಆಗತ್ತೆ" ಎಂದರು ದೊಡ್ಡಕ್ಕ. ಅವರು ಅಂಗಡಿಯ ಫೋನನ್ನು ಅವನತ್ತ ಸರಿಸಿದರು. "ಟಿಕೆಟ್ ನಾವು ನೋಡ್ಕೋತೀವಿ. ಅಲ್ಲಿರೋರಿಗೆ ಅಮ್ಮನ ಕಿವಿ ಹತ್ರ ಫೋನ್ ಹಿಡಿಯೋಕೆ ಹೇಳು. ಮಾತಾಡೋದನ್ನ ನಾಳೆಗೆ ಇಟ್ಕೋಬೇಡ." ಅವನು ನಂಬರ್ ಒತ್ತಿ, ಆ ಕಡೆಯವರಿಗೆ ಹಾಗೇ ಹೇಳಿ, ಗೋಡೆಯ ಕಡೆ ತಿರುಗಿ, "ಅಮ್ಮಾ, ಊಟ ಆಯ್ತಾ?" ಎಂದ.