ಫ್ಯಾನ್ ಬಂದ್ ಮಾಡಿ ಹಾಡಿಸಿದ ಹಾಡು

ಲಾಕ್‌ಡೌನ್ ಮುಗಿದು ಮದುವೆ ಹಾಲ್‌ಗಳು ಮತ್ತೆ ತುಂಬತೊಡಗಿದ ವರ್ಷ. ದುರ್ಗದಬೈಲಿನಲ್ಲಿ ಸೌಂಡ್‌ಬಾಕ್ಸ್ ಬಾಡಿಗೆ ಕೊಡುತ್ತ ಮೇಲೆ ಬಂದ ನಾನು, ಆಗ ಕಾರ್ಯಕ್ರಮಗಳಿಗೆ ಗಾಯಕರನ್ನೂ ಒದಗಿಸುತ್ತಿದ್ದೆ. ಗಾಯಕರ ಪರವಾಗಿ ಚೌಕಾಸಿ ಮಾಡುವುದು ನನ್ನ ಕಸುಬು. ಅದರಲ್ಲಿ ಸೋತದ್ದು ಕಡಿಮೆ.

ಕೇಶ್ವಾಪುರದ ವಿನಾಯಕ ಎಂಬ ತರುಣ ಕಂಪ್ಯೂಟರಿನಲ್ಲೇ ಸಂಗೀತ ಕಟ್ಟುತ್ತಿದ್ದ. ಅವನ ಮೊದಲ ಹೌಸ್ ಸಿಂಗಲ್‌ಗೆ ಗೆಸ್ಟ್ ವೋಕಲಿಸ್ಟ್, ಅಂದರೆ ಹೊರಗಿನಿಂದ ಬಂದು ಹಾಡಿಕೊಡುವವರು, ಬೇಕಿತ್ತು. ಹೌಸ್ ಎಂದರೆ ಒಂದೇ ವೇಗದಲ್ಲಿ ಬಡಿಯುವ ಡ್ರಮ್ಮಿನ ಮೇಲೆ ಕಟ್ಟಿದ ಕುಣಿತದ ಸಂಗೀತ. ಸಿಂಗಲ್ ಎಂದರೆ ಒಂಟಿಯಾಗಿ ಬಿಡುಗಡೆಯಾಗುವ ಹಾಡು. ಧಾರವಾಡದ ಹೈಸ್ಕೂಲೊಂದರಲ್ಲಿ ಸಂಗೀತ ಕಲಿಸುವ ಸುಮಂಗಲಾ ಟೀಚರನ್ನು ಒಪ್ಪಿಸಿದೆ.

ಸ್ಟುಡಿಯೋ ಎಂದರೆ ವಿನಾಯಕನ ಮನೆಯ ಮಾಳಿಗೆಯ ಕೋಣೆ. ಮೈಕಿಗೆ ಸದ್ದು ಹತ್ತುತ್ತದೆಂದು ಫ್ಯಾನ್ ಬಂದ್. ಸುಡುಬೇಸಿಗೆ. ಟೀಚರ್ ಹಾಡಿನ ಮೊದಲ ಭಾಗವನ್ನೂ, ಮೇಲಿನ ಸ್ವರಗಳಿಗೆ ಏರುವ ಅಂತರಾವನ್ನೂ ಹಾಡಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಫ್ಯಾನ್ ಹಚ್ಚೋ ತಮ್ಮಾ, ಜೀವಾ ಹೊಂಟೈತಿ" ಅಂದರು. ಮೈಕ್ ಇನ್ನೂ ಆನ್ ಇತ್ತು.

ಕೆಲವು ದಿನಗಳ ಮೇಲೆ ವಿನಾಯಕ ನಮ್ಮಿಬ್ಬರಿಗೂ ಹಾಡು ಕೇಳಿಸಿದ. ಟೀಚರ ಗಾಯನ ಅಲ್ಲಲ್ಲಿ ಚೂರುಚೂರಾಗಿ ಉಳಿದಿತ್ತು. ಉದ್ದಕ್ಕೂ ಡ್ರಮ್ಮಿನೊಂದಿಗೆ ಮತ್ತೆ ಮತ್ತೆ ಬರುತ್ತಿದ್ದುದು ಟೀಚರ್ ಕೊನೆಗೆ ಆಡಿದ ಆ ಫ್ಯಾನಿನ ಮಾತು. ಟೀಚರ ಮುಖ ಇಳಿಯಿತು.

"ಇಷ್ಟು ವರ್ಷ ತಂಬೂರಿ ಮುಂದ ಕುಂತಾಕಿ ನಾನು. ನಾಳಿ ಸಾಲ್ಯಾಗ ಹುಡುಗ್ರು ನನಗ ಫ್ಯಾನ್ ಟೀಚರ್ ಅಂತಾರ. ಈ ಹಾಡು ಹೊರಗ ಬಿಡಬ್ಯಾಡ್ರಿ."

ವಿನಾಯಕನೂ ಜಗ್ಗಲಿಲ್ಲ. ಹಾಡು ಹೊರತರುವ ಕಂಪನಿಯವರು ಒಪ್ಪಿದ್ದೇ ಆ ಮಾತಿಗಾಗಿ. ಅದಿಲ್ಲದಿದ್ದರೆ ಅವನ ಮೊದಲ ಹಾಡೇ ಇಲ್ಲ.

ಇಂಥ ಹೊತ್ತಿನಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ಹೋಗಬಾರದು. ಯಾರಿಗೆ ಯಾವುದು ಬಿಟ್ಟರೆ ನಡೆಯುವುದಿಲ್ಲ ಎಂದು ಹುಡುಕಬೇಕು. ನಾವು ಒಪ್ಪಿಕೊಂಡದ್ದು ಗಾಯನಕ್ಕೆ, ಮಾತಿಗಲ್ಲ; ಮಾತು ಬೇಕಾದರೆ ಟೀಚರ ಶರತ್ತಿಗೆ ಒಪ್ಪು ಎಂದು ವಿನಾಯಕನಿಗೆ ಹೇಳಿದೆ. ಯಾವುದು ಉಳಿದರೆ ಹಾಡು ಹೊರಬರಬಹುದು ಎಂದು ಟೀಚರನ್ನು ಕೇಳಿದೆ. ಅವರು, ಅಂತರಾ ಕತ್ತರಿ ಬೀಳದೆ ಪೂರ್ತಿ ಇರಬೇಕು, ಆಗ ಡ್ರಮ್ ಸುಮ್ಮನಿರಬೇಕು ಎಂದರು.

"ಡ್ರಮ್ ನಿಂತ್ರ ಮಂದಿ ಊಟಕ್ಕ ಹೋಗ್ತಾರ್ರಿ, ಕಾಕಾ," ಎಂದ ವಿನಾಯಕ.

"ಮೊದ್ಲ ಮಂದ್ಯಾಗ ಹಚ್ಚಿ ನೋಡು. ಆಮ್ಯಾಲ ಮಾತಾಡು," ಎಂದೆ ನಾನು.

ನನ್ನ ಬಾಕ್ಸ್‌ಗಳೇ ಇದ್ದ ಒಂದು ಕಾಲೇಜು ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಅಂತರಾ ಪೂರ್ತಿ ಇಟ್ಟ ಹಾಡನ್ನು ಹಚ್ಚಿಸಿದೆ. ಡ್ರಮ್ ನಿಂತಾಗ ಕೆಲವರು ನಿಜವಾಗಿಯೂ ಊಟದ ಕಡೆ ನಡೆದರು. ಉಳಿದವರು ಕೈ ಇಳಿಸಿ ನಿಂತರು. ಅಂತರಾ ಮೇಲಿನ ಷಡ್ಜಕ್ಕೆ ಏರಿ ನಿಂತಾಗ ಹೋದವರೂ ತಿರುಗಿ ನೋಡಿದರು. ಮರುಕ್ಷಣ ಫ್ಯಾನಿನ ಮಾತು, ಡ್ರಮ್ಮು ಒಟ್ಟಿಗೇ ಬಂದಪ್ಪಳಿಸಿದವು. ಬೆವರು ಸುರಿಸುತ್ತಿದ್ದ ಹುಡುಗರೆಲ್ಲ ಆ ಮಾತನ್ನು ತಾವೇ ಕೂಗಿದರು. ವಿನಾಯಕ ಅಲ್ಲೇ ಟೀಚರ ಶರತ್ತಿಗೆ ಒಪ್ಪಿದ.

ಹಾಡು ಟೀಚರ ಹೆಸರಿನೊಂದಿಗೇ ಬಿಡುಗಡೆಯಾಯಿತು. ಅವರು ಹೆದರಿದ್ದಂತೆ ಹುಡುಗರು ಕ್ಲಾಸಿನಲ್ಲಿ, "ಟೀಚರ್, ಫ್ಯಾನ್ ಹಚ್ಚೂಣೇನ್ರಿ?" ಎಂದು ಕೆಣಕಿಯೇ ಬಿಟ್ಟರಂತೆ.

"ಹಚ್ಚೂಣು. ಮೊದ್ಲ ಅಂತರಾ ಹಾಡ್ರಿ," ಅಂದರಂತೆ ಟೀಚರ್. ಹುಡುಗರು ಹಾಡಿದರಂತೆ.

ನೀವು ಮಾರಲು ಹೋದ ಸರಕನ್ನು ಬಿಟ್ಟು ಗಿರಾಕಿ ಬೇರೇನನ್ನೋ ಇಷ್ಟಪಟ್ಟರೆ ಸಿಟ್ಟಾಗಿ ಎದ್ದು ಬರಬೇಡಿ. ಅದಿಲ್ಲದೆ ಅವನಿಗೆ ನಡೆಯುವುದಿಲ್ಲ ಎಂದು ತಿಳಿದ ಗಳಿಗೆಯಲ್ಲಿ ನಿಮ್ಮ ಕೈ ಮೇಲಾಗಿರುತ್ತದೆ. ನಿಮಗೆ ಬೇಕಾದುದನ್ನು ಆಗಲೇ ಕೇಳಿಬಿಡಿ.